ಗುಂಡುಸೂಜಿ ಕಚ್ಚದ ಅತ್ತೆ

ಅತ್ತೆ ಹೊಲಿಯಲು ಕುಳಿತರೆ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಇದ್ದೇ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಗಿರಾಕಿಯ ಅಳತೆ ಹೇಳುವರು, ಕಚ್ಚಿಕೊಂಡೇ ನನ್ನನ್ನು ಬೈಯುವರು. ಅವರು ನಮ್ಮವರ ಸೋದರತ್ತೆ. ಹದಿನಾರನೇ ವಯಸ್ಸಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜಾ ಹೊಲಿಯಲು ಸೇರಿದವರು, ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡರು. ಮದುವೆಯ ಗೋಜಿಗೆ ಹೋಗಲಿಲ್ಲ. ತಾಯಿಯಿಲ್ಲದ ನಮ್ಮವರನ್ನು ಆ ಯಂತ್ರದ ಪಕ್ಕದಲ್ಲೇ ಮಲಗಿಸಿ ಬೆಳೆಸಿದರು. "ಇವನಿಗೆ ಎತ್ತರ ಸರಿಯಾಗಿ ಬಂತು ಕಣೆ, ಬುದ್ಧಿ ಹತ್ರ ಬಂದಾಗ ಬಟ್ಟೆ ಸಾಲಲಿಲ್ಲ" ಎಂದು ನನ್ನ ಮುಂದೆ ಅವರ ಮಾನ ಕಳೆಯುವುದು ಅತ್ತೆಯ ನಿತ್ಯದ ಸಂತೋಷ.

ಮೂರು ವರ್ಷದ ಹಿಂದೆ ಕೀಲುವಾತ ಬಂದು ಅವರ ಬೆರಳುಗಳು ಸೆಟೆದುಕೊಂಡವು. ಆರು ತಿಂಗಳು ಕತ್ತರಿ ಹಿಡಿಯಲಾಗಲಿಲ್ಲ. ಕೊನೆಗೆ ಡಾಕ್ಟರು ವಾರಕ್ಕೆ ಒಂದೇ ದಿನ ನುಂಗುವ ಒಂದು ಮಾತ್ರೆ ಕೊಟ್ಟರು. ಅದು ದೇಹಕ್ಕೆ ಮಾಡುವ ತೊಂದರೆ ತಡೆಯಲು ಉಳಿದ ಆರು ದಿನ ಬೇರೊಂದು ವಿಟಮಿನ್ ಮಾತ್ರೆ. ಎರಡೂ ಹಳದಿ, ಎರಡೂ ಪುಟ್ಟವು. ಬೆರಳು ಬಿಚ್ಚಿಕೊಂಡವು, ಯಂತ್ರ ಮತ್ತೆ ಓಡಿತು. "ಜ್ವರವೋ ಬಾಯಿಹುಣ್ಣೋ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ" ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಅತ್ತೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇನ್ನು ನನ್ನ ವಿಷಯ. ಮಗಳು ಹುಟ್ಟಿದಾಗಿನಿಂದ ನನಗೆ ಎಲ್ಲದರ ಮೇಲೂ ಅನುಮಾನ. ನೀರಿನ ಮೇಲೆ, ಗಾಳಿಯ ಮೇಲೆ, ಅತ್ತೆಯ ಗಿರಾಕಿಗಳು ತಂದು ಹಾಕುವ ಹಳೇ ಬಟ್ಟೆಯ ಮೇಲೆ. ಪುಟ್ಟಿ ಸೀನಿದರೆ ಥರ್ಮಾಮೀಟರ್ ಹಿಡಿದು ಓಡುವೆ. ಒಮ್ಮೆ ಅವಳು ಅತ್ತೆಯ ಮೇಜಿನ ಕೆಳಗೆ ಮಾತ್ರೆ ಸ್ಟ್ರಿಪ್ಪಿನ ಖಾಲಿ ಹಾಳೆಯೊಂದನ್ನು ಅಗಿಯುತ್ತಾ ಕುಳಿತಿದ್ದಳು. ನಾನು ಕೂಗಾಡಿ ರಂಪ ಮಾಡಿದೆ.

"ಅತ್ತೆ, ಈ ಹಾಳೆಯ ಮೂಲೆ ಬ್ಲೇಡ್ ಇದ್ದ ಹಾಗಿದೆ! ಮಗು ಗಂಟಲು ಕೊಯ್ದ್ರೆ? ಇನ್ಮೇಲೆ ಒಂದು ಹಾಳೆನೂ ಈ ಕೋಣೇಲಿ ಇರಬಾರದು."

"ಆಯ್ತು ತಾಯಿ, ಆಯ್ತು. ನಿನ್ನ ಮಗಳು ಬೆಳೆಯೋವರೆಗೆ ನಾನು ಉಸಿರನ್ನೂ ಡಬ್ಬಿಲೇ ಬಿಡ್ತೀನಿ."

ಅವತ್ತೇ ಎಲ್ಲ ಮಾತ್ರೆಗಳನ್ನು ಹಾಳೆಯಿಂದ ಒತ್ತಿ ತೆಗೆದು, ದಾರದ ಬಾಬಿನ್ ಇಡುವ ಗೂಡುಗಳ ಡಬ್ಬಿಗೆ, ಒಂದೊಂದು ಬಗೆಗೆ ಒಂದೊಂದು ಗೂಡಿನಂತೆ ಸುರಿದು, ಕಪಾಟಿನ ತುದಿಗೆ ಇಟ್ಟರು. ನನಗೆ ನೆಮ್ಮದಿಯಾಯಿತು.

ಎರಡು ವಾರ ಕಳೆದಿರಬಹುದು. ಶಾಲೆಗಳು ತೆರೆಯುವ ಕಾಲ, ಅತ್ತೆಗೆ ಯೂನಿಫಾರ್ಮಿನ ರಾಶಿ. ಒಂದು ಬೆಳಿಗ್ಗೆ ನೋಡುತ್ತೇನೆ, ಗುಂಡುಸೂಜಿಗಳು ತುಟಿಯಲ್ಲಿಲ್ಲ, ರವಿಕೆಯ ತೋಳಿಗೆ ಸಾಲಾಗಿ ಚುಚ್ಚಿವೆ. ಸೂಜಿಗೆ ದಾರ ಪೋಣಿಸುವಾಗ ತುದಿಯನ್ನು ನಾಲಿಗೆಗೆ ಒತ್ತುವುದೂ ಇಲ್ಲ, ಒದ್ದೆ ಬಟ್ಟೆಗೆ ಒತ್ತುತ್ತಿದ್ದಾರೆ. ಸೂಜಿ ಕಚ್ಚಬೇಡಿ ಎಂದು ನಾನು ಹತ್ತು ಸಲ ಹೇಳಿದ್ದುಂಟು. ಕೊನೆಗೂ ಮಾತು ಕೇಳಿದರಲ್ಲ ಎಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣ ಅನುಮಾನ ಬಂತು. ಈ ಹೆಂಗಸು ಯಾವತ್ತು ನನ್ನ ಮಾತು ಕೇಳಿದ್ದು?

ಆಮೇಲೆ ಕಣ್ಣು ಅವರ ಮೇಲೆಯೇ. ಊಟದಲ್ಲಿ ಖಾರ ಬಿಟ್ಟಿದ್ದರು. ಬೈಗುಳ ನಿಂತಿತ್ತು. ಪುಟ್ಟಿ ತೋಳು ಚಾಚಿದರೆ ಎತ್ತಿಕೊಳ್ಳದೆ ಮುಖ ತಿರುಗಿಸುತ್ತಿದ್ದರು. ಯಾವುದೋ ಅಂಟುರೋಗವನ್ನು ಮುಚ್ಚಿಡುತ್ತಿದ್ದಾರೆ, ಕ್ಷಯವೇ ಇರಬೇಕು ಎಂದು ತಲೆಗೆ ಹುಳ ಬಿಟ್ಟುಕೊಂಡೆ. ನಮ್ಮವರಿಗೆ ಹೇಳಿದರೆ ನಕ್ಕರು.

"ನಿನಗೆ ಗೋಡೆಗೂ ಕ್ಷಯ ಕಾಣುತ್ತೆ. ಪಾಪ, ಕೆಲಸ ಜಾಸ್ತಿ ಅವರಿಗೆ."

ಇವರೂ ಸೇರಿಕೊಂಡಿದ್ದಾರೆಯೇ ಎಂದು ಅವರ ಮೇಲೂ ಅನುಮಾನಪಟ್ಟೆ. ಬೆಳಿಗ್ಗೆ ನೆಪ ಹೂಡಿ ಅತ್ತೆಯ ಕಂಕುಳಿಗೆ ಥರ್ಮಾಮೀಟರ್ ಇಟ್ಟರೆ ಜ್ವರವಿಲ್ಲ. ಮರುದಿನವೂ ಇಲ್ಲ. ಥರ್ಮಾಮೀಟರೇ ಕೆಟ್ಟಿದೆಯೇನೋ ಎಂದು ಹೊಸದು ತರಿಸಿದೆ, ಅದರಲ್ಲೂ ಇಲ್ಲ. ಮೂರನೇ ದಿನ ಕಸದ ಬುಟ್ಟಿಯಲ್ಲಿ, ಬಟ್ಟೆಯ ಚೂರುಗಳ ಅಡಿಯಲ್ಲಿ, ಚಿಂದಿಯಲ್ಲಿ ಸುತ್ತಿಟ್ಟ ಜ್ವರದ ಮಾತ್ರೆಯ ಖಾಲಿ ಹಾಳೆಗಳು ಸಿಕ್ಕವು. ಒಂದಲ್ಲ, ಮೂರು. ಮಗುವಿಗೆ ಸಿಗದಿರಲಿ ಎಂದು ಸುತ್ತಿದ್ದರೋ, ನನ್ನ ಕಣ್ಣಿಗೆ ಬೀಳದಿರಲಿ ಎಂದೋ, ನಾನು ಕೇಳಲಿಲ್ಲ. ಮಧ್ಯಾಹ್ನ ಮಾತ್ರೆಯ ಗುಣ ಇಳಿಯುವ ಹೊತ್ತಿಗೆ ಕಾದು, ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅವರ ಕೋಣೆಗೆ ನುಗ್ಗಿದೆ. ಥರ್ಮಾಮೀಟರ್ ಇಟ್ಟರೆ ನೂರಾಮೂರು.

"ಬಾಯಿ ತೆಗೀರಿ ಅತ್ತೆ."

"ಹೋಗೇ, ನಾನೇನು ಮಗುನಾ?"

"ತೆಗೀತೀರೋ, ಇವರಿಗೆ ಫೋನ್ ಮಾಡಲೋ?"

ತೆಗೆದರು. ನಾಲಿಗೆ, ಕೆನ್ನೆಯ ಒಳಗೋಡೆ, ತುಟಿ, ಎಲ್ಲಾ ಕಡೆ ಬಿಳಿ ಹುಣ್ಣು. ನೀರು ನುಂಗಲೂ ಕಷ್ಟವಂತೆ, ಐದು ದಿನದಿಂದ.

"ಮೂವತ್ತು ಜೊತೆ ಯೂನಿಫಾರ್ಮ್ ಬಾಕಿ ಇದೆ ಕಣೆ. ಮಕ್ಕಳು ಹರಕು ಹಾಕ್ಕೊಂಡು ಹೋಗಕ್ಕಾಗುತ್ತಾ? ಕೊಟ್ಟು ಮುಗಿಸಿ ಹೋಗೋಣ ಅಂತಿದ್ದೆ."

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರಮ್ಮ ನೇರವಾಗಿ ಹೇಳಿದರು. ಸೋಂಕಿನ ವಿರುದ್ಧ ಕಾದಾಡುವ ಬಿಳಿ ಕಣಗಳು ಹೆಚ್ಚುಕಮ್ಮಿ ಖಾಲಿ, ಸೋಂಕು ರಕ್ತಕ್ಕೆ ಇಳಿದಿದೆ, ಜೀವಕ್ಕೆ ಅಪಾಯ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದರು. ಡಬ್ಬಿ ತಂದುಕೊಟ್ಟೆ. ಒಂದೊಂದು ಹಳದಿ ಮಾತ್ರೆಯನ್ನೂ ತಿರುಗಿಸಿ, ಮೇಲೆ ಕೊರೆದ ಅಕ್ಷರ ಓದಿದರು. ಗೂಡುಗಳು ಅದಲುಬದಲಾಗಿದ್ದವು. ವಾರಕ್ಕೊಂದು ನುಂಗಬೇಕಾದ್ದನ್ನು ಅತ್ತೆ ವಾರಕ್ಕೆ ಆರು ನುಂಗಿದ್ದರು. ಕಣಗಳನ್ನು ಖಾಲಿ ಮಾಡಿದ್ದು ಅದೇ.

"ಇವನ್ನ ಹಾಳೆಯಿಂದ ತೆಗೆದದ್ದು ಯಾಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆಯಿಂದ ಅತ್ತೆ ತೊದಲಿದರು. "ನಂದೇ ತಪ್ಪು. ವಯಸ್ಸಾಯ್ತು, ಈಚೆಗೆ ಮರೆವು ಡಾಕ್ಟ್ರೇ." ನಮ್ಮವರು ಪಕ್ಕದಲ್ಲೇ ಇದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆಯನ್ನು ಬೇರೆ ಕೋಣೆಯಲ್ಲಿಟ್ಟರು. ಮಾಸ್ಕ್ ಹಾಕಿ, ಕೈ ತೊಳೆದು ಒಬ್ಬೊಬ್ಬರೇ ಒಳಗೆ ಹೋಗಬೇಕು. ಇಷ್ಟು ದಿನ ಅವರಿಂದ ಮಗುವಿಗೆ ಏನು ತಗಲುತ್ತದೋ ಎಂದು ಒದ್ದಾಡಿದ್ದೆ, ಈಗ ನನ್ನ ಉಸಿರೇ ಅವರಿಗೆ ಅಪಾಯ. ಐದನೇ ದಿನ ಜ್ವರ ಬಿಟ್ಟಿತು, ಕಣಗಳು ಏರತೊಡಗಿದವು. ಆರನೇ ದಿನ ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಬದುಕಿಕೊಂಡ್ರು. ಆದ್ರೆ ಮರೆವು ಇರೋರಿಗೆ ಈ ಮಾತ್ರೆ ಮತ್ತೆ ಕೊಡೋ ಧೈರ್ಯ ನನಗಿಲ್ಲ. ಚೀಟಿಯಲ್ಲೂ ಹಾಗೇ ಬರೆದಿದ್ದೀನಿ."

"ಹಾಗಾದ್ರೆ ಅವರ ಬೆರಳು?"

"ಬೇರೆ ಔಷಧಿ ಇವೆ. ಇದರಷ್ಟೇ ಗುಣ ಕೊಡುತ್ತೆ ಅಂತ ಹೇಳಕ್ಕಾಗಲ್ಲ."

ಗಾಜಿನಾಚೆ ಅತ್ತೆ ಹೊದಿಕೆಯ ಅಂಚನ್ನು ಹಿಡಿದು, ಯಾರೋ ಹಾಕಿದ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರು. ಇವರು ಹೊಲಿಯದೆ ಇನ್ನೇನು ಮಾಡಿಯಾರು?

"ಅವರಿಗೆ ಮರೆವಿಲ್ಲ ಡಾಕ್ಟ್ರೇ," ಎಂದೆ. ಹಿಂದೆ ನಮ್ಮವರು ನಿಂತದ್ದು ಗೊತ್ತಿತ್ತು. "ಹತ್ತು ವರ್ಷದ ಹಿಂದಿನ ಗಿರಾಕಿಯ ತೋಳಿನ ಅಳತೆ ಈಗಲೂ ಬಾಯಲ್ಲೇ ಇದೆ. ಹಾಳೆ ತೆಗೆಸಿದ್ದು ನಾನು. ಮಗು ಅಗಿಯುತ್ತೆ ಅಂತ ಹಟ ಮಾಡಿ ತೆಗೆಸಿದೆ. ನನ್ನನ್ನ ಕಾಪಾಡಕ್ಕೆ ಸುಳ್ಳು ಹೇಳಿದ್ದಾರೆ."

ನಮ್ಮವರು ತಿರುಗಿ ಕಾರಿಡಾರಿನ ತುದಿಗೆ ನಡೆದುಹೋದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಡಾಕ್ಟರಮ್ಮ ಒಳಗೆ ಹೋಗಿ ಅತ್ತೆಯನ್ನು ಎರಡು ಪ್ರಶ್ನೆ ಕೇಳಿದರು. ಅತ್ತೆ ಗಾಜಿನಾಚೆಯಿಂದ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಡಾಕ್ಟರಮ್ಮ ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿದ್ದು ಕಂಡಿತು.

"ಎರಡು ತಿಂಗಳು ರಕ್ತ ನೋಡೋಣ," ಎಂದರು ಹೊರಗೆ ಬಂದು. "ಎಲ್ಲಾ ಸರಿಹೋದ್ರೆ, ಬಹುಶಃ ಮತ್ತೆ ಶುರು ಮಾಡಬಹುದು. ಮಾತು ಕೊಡಲ್ಲ."

ನಾನು ಕೈ ತೊಳೆದು ಒಳಗೆ ಹೋದೆ.

"ದಡ್ಡಿ," ಎಂದರು ಅತ್ತೆ. ಹುಣ್ಣು ಆರುತ್ತಿದ್ದರಿಂದ ಮಾತು ಸ್ಪಷ್ಟವಾಗಿತ್ತು. "ಈಗ ಅವನು ನಿನ್ನ ಹತ್ರ ಎಷ್ಟು ದಿನ ಮಾತು ಬಿಡ್ತಾನೋ."

"ಬಿಡಲಿ."

"ಐದು ದಿನ ಬೇಕಾಯ್ತಾ ಇದನ್ನ ಹೇಳಕ್ಕೆ?"

"ಹೆದರಿಕೆಯಾಗಿತ್ತು ಅತ್ತೆ."

"ನನಗೂ ಆಗಿತ್ತು," ಎಂದು ಅವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಹೋಗು. ಯೂನಿಫಾರ್ಮ್ ಬಾಕಿ ಇರೋರ ಮನೆಗೆಲ್ಲ ಹೋಗಿ ಬಟ್ಟೆ ವಾಪಸ್ ಕೊಟ್ಟು ಬಾ. ಕಾರಣ ಕೇಳಿದ್ರೆ ನಿಜಾನೇ ಹೇಳು."