ಹಂಪಮ್ಮ ಸಾಕ್ಷಿಗೆ ಎದ್ದ ಭಾನುವಾರ

ದಂಡಯಾತ್ರೆಗೆ ಹೊರಡುವ ರಾಜರಿಗೆ ಆನೆ, ಕುದುರೆ, ಕಾಲಾಳುಗಳಿರುತ್ತವೆ. ಬಳ್ಳಾರಿಯ ಕೃಪಾನಿಲಯ ಚರ್ಚಿನ ಹಂಪಮ್ಮನಿಗೆ ಇದ್ದದ್ದು ಎರಡು ಕಸಬರಿಗೆ, ಒಂದು ಬೀಗದ ಕೈ ಗೊಂಚಲು ಮತ್ತು ಮೂತಿ ಸೊಟ್ಟಗಾದ ಒಂದು ಚಹಾ ಕಿಟ್ಲಿ. ಇಷ್ಟನ್ನೇ ಹಿಡಿದು ಅವಳು ಇಪ್ಪತ್ತಾರು ವರ್ಷ ಆ ಸೀಮೆಯನ್ನು ಆಳಿದ್ದಳು. ಪಾಸ್ಟರುಗಳು ಬಂದರು, ಹೋದರು. ಅವರು ಪರಲೋಕದ ಬಾಗಿಲ ವಿಷಯ ಎಷ್ಟು ಬೇಕಾದರೂ ಮಾತಾಡಲಿ, ಚರ್ಚಿನ ಬಾಗಿಲು ತೆರೆಯಬೇಕಾದರೆ ಹಂಪಮ್ಮನೇ ಬರಬೇಕಾಗಿತ್ತು.

ಅವಳು ಹುಟ್ಟಿದ್ದು ಕೆಂಚನಗುಡ್ಡದಲ್ಲಿ, ಬೆಳೆದದ್ದು ತುಂಗಭದ್ರೆಯಲ್ಲಿ ಎಮ್ಮೆಗಳ ಮೈ ತಿಕ್ಕುತ್ತ. ಹದಿನೆಂಟಕ್ಕೆ ಕುರುಗೋಡಿನ ಕಲ್ಲುಕುಟಿಗ ಹುಲುಗೇಶನ ಹೆಂಡತಿಯಾದಳು. ಅಲ್ಲಿಯ ಸಣ್ಣ ಚರ್ಚಿನಲ್ಲಿ ಗಂಡ ಹೆಂಡತಿ ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡರು. ದಾಖಲೆಯಲ್ಲಿ ಅವಳಿಗೆ ಸುವಾರ್ತಮ್ಮ ಎಂಬ ಹೊಸ ಹೆಸರು ಬಿತ್ತು. ಆ ಹೆಸರು ಹಿಡಿದು ಯಾರಾದರೂ ಕರೆದರೆ ಹಂಪಮ್ಮ ಹಿಂದೆ ತಿರುಗಿ, ಕರೆದದ್ದು ಯಾರನ್ನೆಂದು ಹುಡುಕುತ್ತಿದ್ದಳು. ಹುಲುಗೇಶ ಕಾಮಾಲೆಯಾಗಿ ತೀರಿಕೊಂಡ ವರ್ಷ ಬಳ್ಳಾರಿಯ ದೊಡ್ಡ ಚರ್ಚಿನವರು ಅವಳಿಗೆ ಕೆಲಸ ಕೊಟ್ಟು, ಹಿಂಬದಿಯ ಒಂದು ಕೋಣೆಯನ್ನೂ ಕೊಟ್ಟರು.

ಅವಳ ಪರಾಕ್ರಮಗಳಲ್ಲಿ ಒಂದನ್ನಾದರೂ ಹೇಳದಿದ್ದರೆ ತಪ್ಪಾದೀತು. ಒಂದು ಕ್ರಿಸ್ಮಸ್ ನಾಟಕದಲ್ಲಿ ಬೀದಿಯ ಗೂಳಿಯೊಂದು ನೇರವಾಗಿ ರಂಗಕ್ಕೆ ಬಂದು ಗೋದಲಿಯ ಹುಲ್ಲು ಮೇಯತೊಡಗಿತು. ಮೂವರು ಜ್ಞಾನಿಗಳು ಜ್ಞಾನಿಗಳಿಗೆ ತಕ್ಕಂತೆ ಕುರ್ಚಿ ಹತ್ತಿ ನಿಂತರು. ಹಂಪಮ್ಮ ಹೋಗಿ ಗೂಳಿಯ ಕಿವಿ ಹಿಡಿದು, "ನಡಿ ಲೇ, ನಿನ್ನ ಪಾರ್ಟ್ ಮುಗೀತು" ಎಂದು ಗೇಟಿನ ತನಕ ಬಿಟ್ಟುಬಂದಳು. ಅಂದಿನಿಂದ ಅವಳಿಗೆ ಹೆದರಿಕೆ ಎಂಬುದೇ ಇಲ್ಲವೆಂದು ಊರೆಲ್ಲ ನಂಬಿತ್ತು. ಇದು ಸುಳ್ಳು. ಅವಳಿಗೆ ಗೂಳಿಯ ಹೆದರಿಕೆ ಇರಲಿಲ್ಲ, ಅಷ್ಟೆ. ಬಿಳಿ ನಿಲುವಂಗಿಯ ಹೆದರಿಕೆ ಬೇಕಾದಷ್ಟಿತ್ತು.

ಆ ನಿಲುವಂಗಿಯಲ್ಲಿ ಆಗ ಇದ್ದವರು ರೆವರೆಂಡ್ ಜೀವರತ್ನಂ ಅಯ್ಯನವರು. ಬಳ್ಳಾರಿಯ ದೊಡ್ಡ ಚರ್ಚಿಗೂ ಸಿರುಗುಪ್ಪ, ಕುರುಗೋಡಿನ ಶಾಖೆಗಳಿಗೂ ಅವರೇ ಮುಖ್ಯಸ್ಥರು. ಅವರು ಪ್ರಸಂಗಕ್ಕೆ ನಿಂತರೆ ಮೈಕು ಬೇಕಾಗಿರಲಿಲ್ಲ, ಆದರೂ ಮೈಕು ಹಿಡಿಯುತ್ತಿದ್ದರು. ಪಾಪದ ಬಗ್ಗೆ ಅವರು ಮಾತಾಡುವಾಗ ಪಾಪ ಮಾಡದವರಿಗೂ ಬೆವರು ಬರುತ್ತಿತ್ತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಹಂಪಮ್ಮ ಎಂದಿನಂತೆ ಚಹಾ ಹಿಡಿದು ಅಯ್ಯನವರ ಆಫೀಸು ಕೋಣೆಗೆ ಹೋದಳು. ಕೈಗಳೆರಡೂ ತುಂಬಿದ್ದರಿಂದ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಒಳಗೆ ಕುರುಗೋಡಿನ ಮೀನಾಕ್ಷಿ ಟೀಚರು ನಿಂತಿದ್ದಳು. ಆಕೆ ಅಲ್ಲಿಯ ಶಾಖೆಯಲ್ಲಿ ಮಕ್ಕಳ ಭಾನುವಾರದ ಸಾಲೆ ನಡೆಸುವವಳು, ಹಾಡು ಕಲಿಸುವವಳು, ಇಪ್ಪತ್ತೇಳರ ಹುಡುಗಿ. ಅಯ್ಯನವರು ಆಕೆಯ ಕೈ ಹಿಡಿದಿದ್ದರು. ಆಕೆ ಅದನ್ನು ಬಿಡಿಸಿಕೊಳ್ಳಲು ಎಳೆಯುತ್ತಿದ್ದಳು.

"ಹಂಪಮ್ಮಾ, ಪ್ರಾರ್ಥನಿ ನಡದೈತಿ. ಚಹಾ ಇಟ್ಟು ಹೋಗು" ಎಂದರು ಅಯ್ಯನವರು.

ಹಂಪಮ್ಮ ಚಹಾ ಇಟ್ಟು ಹೋದಳು. ಗೂಳಿಯ ಕಿವಿ ಹಿಡಿದ ಆ ವೀರಾಂಗನೆ ಚಹಾ ಇಟ್ಟು ಸುಮ್ಮನೆ ಹೋದಳು. ಅವಳು ಹೊರಬಿದ್ದ ಬೆನ್ನಿಗೇ ಮೀನಾಕ್ಷಿಯೂ ಸರಸರನೆ ಹೊರಬಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಹತ್ತು ದಿನಕ್ಕೆ ಮೀನಾಕ್ಷಿಯ ಪತ್ರ ಕಮಿಟಿಗೆ ಬಂತು. ಅಯ್ಯನವರು ವಿಶೇಷ ಪ್ರಾರ್ಥನೆ ಎಂದು ಕರೆಸಿ ಮೈ ಮುಟ್ಟುತ್ತಾರೆ, ಬೇಡವೆಂದರೂ ಬಿಡುವುದಿಲ್ಲ, "ಕನಸಿನಲ್ಲಿ ದೇವರು ನಿನ್ನ ಮುಖ ತೋರಿಸಿದ" ಎಂದು ಫೋನಿಗೆ ಮೆಸೇಜು ಕಳಿಸುತ್ತಾರೆ ಎಂದು ಬರೆದು, ಮೆಸೇಜುಗಳ ಪ್ರತಿಗಳನ್ನೂ ಲಗತ್ತಿಸಿದ್ದಳು.

ಕಮಿಟಿ ಎಂದರೆ ಮುಖ್ಯವಾಗಿ ಇಬ್ಬರು. ಕಾರ್ಯದರ್ಶಿ ದಾವೀದ ತಿಪ್ಪೇಸ್ವಾಮಿ ಕುಡತಿನಿಯ ಕರೆಂಟು ಸ್ಥಾವರದ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ನೋಡಿ ನಿವೃತ್ತರಾದವರು. ಯಾವ ಬೆಂಕಿಯನ್ನಾದರೂ ಫೈಲಿನೊಳಗೆ ಇಟ್ಟು ಆರಿಸಬಲ್ಲ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಇನ್ನೊಬ್ಬರು ಪಂಪಣ್ಣ, ಬ್ರೂಸ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಯವರು. ಒಳ್ಳೆಯ ಮನುಷ್ಯ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಸರಿ ಎನ್ನುವವರು. ಉಳಿದ ಮೂವರು ಕೈ ಎತ್ತಲು ಬರುತ್ತಿದ್ದರು.

ಈ ಪಂಚಪಾಂಡವರು ಮಹಾಯುದ್ಧವನ್ನೇ ಹೂಡಿದರು. ಮೊದಲ ಮೀಟಿಂಗಿನಲ್ಲಿ ವಿಷಯವನ್ನು ಪ್ರಾರ್ಥನೆಯಲ್ಲಿ ಇಡಬೇಕೆಂದು ತೀರ್ಮಾನವಾಗಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದರು. ಎರಡನೆಯದರಲ್ಲಿ ಉಪವಾಸ ಮಾಡಬೇಕೆಂದಾಯಿತು. ಉಪವಾಸ ಹನ್ನೊಂದು ಗಂಟೆಯ ತನಕ ನಿಷ್ಠೆಯಿಂದ ನಡೆಯಿತು, ಆಮೇಲೆ ಒಗ್ಗರಣಿ ಮಿರ್ಚಿ. ಮೀನಾಕ್ಷಿಯನ್ನು ಕರೆದು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಮೀಟಿಂಗಿನಲ್ಲಿ ಎರಡು ನಿರ್ಣಯ. ಒಂದು, ಅಯ್ಯನವರನ್ನು ಶಾಲು ಹಾರ ಹಾಕಿ ಗೌರವದಿಂದ ಸಿರುಗುಪ್ಪ ಶಾಖೆಗೆ ಅಲ್ಲೇ ಇರುವ ಪಾಸ್ಟರಾಗಿ ಕಳಿಸುವುದು. ಎರಡು, "ತಪ್ಪು ತಿಳುವಳಿಕೆಯಿಂದ ಬರೆದೆ, ಕ್ಷಮಿಸಬೇಕು" ಎಂಬ ಕಾಗದಕ್ಕೆ ಮೀನಾಕ್ಷಿ ಸಹಿ ಹಾಕುವುದು; ಹಾಕದಿದ್ದರೆ ಮಕ್ಕಳ ಸಾಲೆ ಬಿಡುವುದು. ಬರುವ ಭಾನುವಾರ ಮೂರೂ ಕಡೆಯವರು ಬಳ್ಳಾರಿಯಲ್ಲಿ ಸೇರಿದಾಗ ಆ ಕಾಗದವನ್ನು ಎಲ್ಲರೆದುರು ಓದುವುದು.

ಪೋಸ್ಟಿನಲ್ಲಿ ಕಳಿಸಿದರೆ ದಾಖಲೆ ಉಳಿಯುತ್ತದೆಂದು ಹೆದರಿ ತಿಪ್ಪೇಸ್ವಾಮಿ ಕಾಗದವನ್ನು ಹಂಪಮ್ಮನ ಕೈಗೆ ಕೊಟ್ಟು ಕುರುಗೋಡಿನ ಬಸ್ಸು ಹತ್ತಿಸಿದರು. ಹಂಪಮ್ಮನಿಗೆ ಓದು ಬರುತ್ತಿರಲಿಲ್ಲ.

ಕುರುಗೋಡಿನಲ್ಲಿ ಮೀನಾಕ್ಷಿ ಕಾಗದವನ್ನು ಎರಡು ಸಲ ಓದಿ ಮಡಚಿದಳು.

"ಏನು ಬರದೈತಿ, ಅವ್ವಾ?" ಎಂದು ಕೇಳಿದಳು ಹಂಪಮ್ಮ.

"ನಾ ಸುಳ್ಳಿ ಅಂತ ಬರದೈತಿ ಅತ್ತಿ. ಕೆಳಗ ನನ್ನ ಸಹಿ ಬೇಕಂತ. ಹಾಕದಿದ್ರ ಸಾಲಿ ಬಿಡಬೇಕಂತ."

"ಹಾಕ್ತೀಯೇನು?"

"ಹಾಕಂಗಿಲ್ಲ. ಆದ್ರ ಇಲ್ಲಿ ಇರಾಕೂ ಆಗಂಗಿಲ್ಲ. ಈಗಾಗ್ಲೇ ನಾಕು ಮಂದಿ ತಾಯಂದ್ರು ಮಕ್ಕಳ್ನ ಕಳಸಾಕ ಹಿಂದ ಮುಂದ ನೋಡಾಕ ಹತ್ಯಾರ. ನಾ ಹೇಳಿದ್ದು ಖರೇ ಅನ್ನಾಕ ಒಬ್ರೂ ಇಲ್ಲ." ಮೀನಾಕ್ಷಿ ಹಂಪಮ್ಮನ ಮುಖ ನೋಡಲಿಲ್ಲ. "ನೀನು ಅವತ್ತು ಬಾಗಲಾಗ ಇದ್ದಿ."

ಮೀನಾಕ್ಷಿಯ ತಾಯಿ ಕೊಟ್ಟ ರೊಟ್ಟಿಯನ್ನು ಹಂಪಮ್ಮ ಸೆರಗಿಗೆ ಕಟ್ಟಿಕೊಂಡು ಎದ್ದಳು. ಕುರುಗೋಡಿನಿಂದ ಬಳ್ಳಾರಿಯ ತನಕ ಅವಳು ಬಸ್ಸಿನಲ್ಲಿ ತನ್ನನ್ನೇ ಬೈದುಕೊಳ್ಳುತ್ತ ಬಂದಳು. ಬೈಗುಳ ಸ್ವಲ್ಪ ಜೋರಾಗಿಯೇ ಇತ್ತೆಂದು ತೋರುತ್ತದೆ. ಪಕ್ಕದಲ್ಲಿದ್ದಾತ ಎದ್ದು ಬೇರೆ ಸೀಟಿಗೆ ಹೋದ.

ಇಳಿದವಳು ನೇರ ತಿಪ್ಪೇಸ್ವಾಮಿಯವರ ಮನೆಗೆ ನಡೆದಳು.

"ಸರ್, ಆಕಿ ಸಹಿ ಹಾಕಲಿಲ್ಲ. ಹಾಕೋದೂ ಬ್ಯಾಡ. ನಾ ಕಣ್ಣಾರೆ ನೋಡೀನ್ರಿ. ಅಯ್ಯನೋರು ಕೈ ಹಿಡದಿದ್ರು, ಆಕಿ ಬಿಡಿಸಿಕೊಳ್ಳಾಕ ಹತ್ತಿದ್ಲು."

ತಿಪ್ಪೇಸ್ವಾಮಿ ಕನ್ನಡಕ ತೆಗೆದು ಒರೆಸಿದರು. "ಪ್ರಾರ್ಥನಿಯೊಳಗ ಕೈ ಹಿಡೀತಾರ, ಹಂಪಮ್ಮ."

"ಇಪ್ಪತ್ತಾರು ವರ್ಷದಾಗ ನನ್ನ ಕೈ ಒಬ್ರೂ ಹಿಡದಿಲ್ಲರಿ. ನನಗ ಪ್ರಾರ್ಥನಿ ಬ್ಯಾಡೇನು?"

ತಿಪ್ಪೇಸ್ವಾಮಿಯವರ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆ ಯಾವ ಫೈಲಿನಲ್ಲೂ ಬಂದಿರಲಿಲ್ಲ. "ಕಮಿಟಿಯೊಳಗ ಮೆಂಬರ್ ಅಲ್ಲದವರು ಮಾತಾಡಂಗಿಲ್ಲ. ರೂಲ್ ಐತಿ" ಎಂದರು.

"ಮತ್ತ ಎಲ್ಲಿ ಹೇಳಲಿ?"

"ಭಾನುವಾರ ಸಾಕ್ಷಿ ಟೈಮಿನಾಗ ಯಾರು ಬೇಕಾದ್ರೂ ಎದ್ದು ನಿಲ್ಲಬಹುದಲ್ಲ. ದೇವರು ಮಾಡಿದ ಉಪಕಾರ ಹೇಳು, ಮನಸು ಹಗುರ ಆಗ್ತೈತಿ. ಈಗ ಮನಿಗೆ ಹೋಗು."

ಪೀಡೆ ತೊಲಗಿತೆಂದು ಅವರು ಬಾಗಿಲು ಹಾಕಿಕೊಂಡರು. ತಾವು ಶತ್ರುವಿನ ಕೈಗೆ ಕೋಟೆಯ ನಕ್ಷೆಯನ್ನೇ ಕೊಟ್ಟೆವೆಂದು ಅವರಿಗೆ ಗೊತ್ತಾಗಲಿಲ್ಲ.

ಏಕೆಂದರೆ ಕೃಪಾನಿಲಯದಲ್ಲಿ ಸಾಕ್ಷಿಗೆ ಒಂದು ಕಟ್ಟಳೆ ಇತ್ತು. ದೇವರು ತಮಗೆ ಏನು ಮಾಡಿದನೆಂದು ಹೇಳಲು ಎದ್ದವರನ್ನು ಬಿಷಪ್ಪರೇ ಬಂದರೂ ನಡುವೆ ತಡೆಯುವಂತಿಲ್ಲ. ಹೇಳುವವರ ಒಂದೊಂದು ಮಾತಿಗೂ ಕೂತವರೆಲ್ಲ ಒಕ್ಕೊರಲಿನಿಂದ "ಸ್ತೋತ್ರ" ಎನ್ನಬೇಕು. ಅನ್ನುತ್ತ ಅನ್ನುತ್ತ ಅದು ಎಷ್ಟು ರೂಢಿಯಾಗಿತ್ತೆಂದರೆ ಮಾತನ್ನು ಕೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಹೋದ ವರ್ಷ ಪಂಪಣ್ಣ ಎದ್ದು, "ಬಚ್ಚಲದಾಗ ಜಾರಿ ಬಿದ್ದು ಕಾಲು ಮುರಕೊಂಡೆ" ಎಂದಾಗಲೂ ಇಡೀ ಚರ್ಚು ಹರ್ಷದಿಂದ "ಸ್ತೋತ್ರ" ಎಂದಿತ್ತು.

ಭಾನುವಾರ ಬಂತು. ಕುರುಗೋಡಿನವರು ಬಸ್ಸಿನಲ್ಲಿ ಬಂದರು. ಸಿರುಗುಪ್ಪದವರು ತಮ್ಮ ಹೊಸ ಅಯ್ಯನವರನ್ನು ಕರೆದೊಯ್ಯಲು ಟ್ರ್ಯಾಕ್ಸ್ ಗಾಡಿಗೆ ಬಾಳೆಕಂಬ ಕಟ್ಟಿಕೊಂಡು ಬಂದರು. ಮೀನಾಕ್ಷಿ ಹಿಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದಳು. ಕಾಗದಕ್ಕೆ ಸಹಿ ಇಲ್ಲದಿದ್ದರೂ ತಿಪ್ಪೇಸ್ವಾಮಿ ಹೆದರಲಿಲ್ಲ. ಆಕೆ ಸಾಲೆ ಬಿಟ್ಟಳೆಂದು ತಾವೇ ಪ್ರಕಟಿಸುವುದೆಂದು ಬರೆದಿಟ್ಟುಕೊಂಡಿದ್ದರು. ಮೇಜಿನ ಮೇಲೆ ಶಾಲು, ಚೆಂಡುಹೂವಿನ ಹಾರ, ಹಣ್ಣಿನ ಬುಟ್ಟಿ.

ಸಾಕ್ಷಿಯ ಸಮಯ ಬಂದಾಗ ಹಂಪಮ್ಮ ಎದ್ದಳು. ಪಕ್ಕದ ಕಂಬವನ್ನು ಹಿಡಿದುಕೊಂಡಳು.

"ದೇವರು ನನಗ ಎರಡು ಕಣ್ಣು ಕೊಟ್ಟಾನ."

"ಸ್ತೋತ್ರ."

"ಹೋದ ತಿಂಗಳು ಚಹಾ ತಗೊಂಡು ಅಯ್ಯನೋರ ಖೋಲಿಗೆ ಹೋದೆ."

"ಸ್ತೋತ್ರ."

"ಅಲ್ಲಿ ಅಯ್ಯನೋರು ಮೀನಾಕ್ಷಿ ಟೀಚರ್ ಕೈ ಹಿಡಕೊಂಡಿದ್ರು. ಆಕಿ ಬಿಡ್ರಿ ಅಂತ ಜಗ್ಗಾಕ ಹತ್ತಿದ್ಲು."

"ಸ್ತೋತ್ರ" ಎಂದಿತು ಚರ್ಚು, ತುಂಬು ಕಂಠದಿಂದ.

ಆಮೇಲೆ ತಾನು ಯಾವುದಕ್ಕೆ ಸ್ತೋತ್ರ ಹೇಳಿದೆ ಎಂಬುದು ಚರ್ಚಿಗೆ ಸಾಲು ಸಾಲಾಗಿ ಹೊಳೆಯಿತು. ಮುಂದಿನ ಸಾಲಿನವರು ಹಿಂದೆ ತಿರುಗಿದರು, ಹಿಂದಿನವರು ಮುಂದೆ ಬಾಗಿದರು. ಹಾಡು ಶುರು ಮಾಡಲು ತಿಪ್ಪೇಸ್ವಾಮಿ ತಬಲದವನಿಗೆ ಕಣ್ಸನ್ನೆ ಮಾಡಿದರು. ಅವನು ಸಾಕ್ಷಿಯನ್ನು ತಡೆಯುವಂತಿಲ್ಲವೆಂಬ ಕಟ್ಟಳೆ ನೆನೆದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ನಾ ಚಹಾ ಇಟ್ಟು ಹೊರಗ ಬಂದೆ. ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು" ಎಂದಳು ಹಂಪಮ್ಮ. ಈಗ ಯಾರೂ ಸ್ತೋತ್ರ ಹೇಳಲಿಲ್ಲ. "ಆಕಿ ಬರದಿದ್ದು ಖರೇ. ಆಕಿನ್ನ ಸಾಲಿ ಬಿಡಿಸಿ, ಅಯ್ಯನೋರ್ನ ಶಾಲು ಹಾಕಿ ಸಿರುಗುಪ್ಪಕ್ಕ ಕಳಸಾಕ ಹತ್ಯಾರ. ನನ್ನ ಸಾಕ್ಷಿ ಇಷ್ಟ."

ಅಯ್ಯನವರು ಎದ್ದು ಮೈಕು ಹಿಡಿದು, "ಸೈತಾನನು ಅವಿದ್ಯಾವಂತರ ಬಾಯಿಂದ" ಎಂದು ಶುರು ಮಾಡಿದರು. ಅಷ್ಟರಲ್ಲಿ ಸಿರುಗುಪ್ಪದ ಸಾಲಿನಿಂದ ಜಂಬಮ್ಮ ಎದ್ದಳು. ಭತ್ತದ ಗಿರಣಿಯಲ್ಲಿ ಯಂತ್ರದ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅವಳದು. ಅಯ್ಯನವರ ಮೈಕಿನ ಆಟ ಅದರ ಮುಂದೆ ನಡೆಯಲಿಲ್ಲ.

"ತಿಪ್ಪೇಸ್ವಾಮಿಯೋರ, ಒಂದು ಮಾತು. ಇಲ್ಲಿ ಬ್ಯಾಡಾದೋರ್ನ ನಮಗ್ಯಾಕ ಕಳಸ್ತೀರಿ? ನಮ್ಮೂರಾಗ ಹೆಣ್ಮಕ್ಕಳಿಲ್ಲೇನು?"

ತಿಪ್ಪೇಸ್ವಾಮಿ ಕೈಯಲ್ಲಿದ್ದ ಕಾಗದ ತಿರುವಿ ನೋಡಿದರು. ಜಂಬಮ್ಮ ತನ್ನವರ ಕಡೆ ತಿರುಗಿ, "ಏಳ್ರಿ, ಬಾಳಿಕಂಬ ಬಿಚ್ರಿ" ಎಂದಳು. ಅಷ್ಟರಲ್ಲಿ ಬಳ್ಳಾರಿಯ ಹಾಡುಗಾರರ ಸಾಲಿನಲ್ಲಿದ್ದ ನರ್ಸೊಬ್ಬಳು ಮೆಲ್ಲಗೆ ಎದ್ದು ನಿಂತು, "ನನಗೂ ಹಂಗ ಮೆಸೇಜ್ ಬಂದಾವ್ರಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಪಂಪಣ್ಣ ಎಂದಿನಂತೆ ಕೊನೆಗೆ ಮಾತಾಡಿದವರ ಪಕ್ಷ ಹಿಡಿದರು. ಈ ಸಲ ಅದು ಸರಿಯಾದ ಪಕ್ಷವಾಗಿತ್ತು. ಎದ್ದು ಹೋಗಿ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಅಯ್ಯನೋರ, ನೀವು ಮನಿಗೆ ನಡೀರಿ. ಇದು ತೀರ್ಮಾನ ಆಗೋತನಕ ಆ ಪ್ರಸಂಗದ ಕಟ್ಟಿ ಹತ್ತಬ್ಯಾಡ್ರಿ" ಎಂದರು. ಅಯ್ಯನವರು ಸುತ್ತ ನೋಡಿದರು. ಅವರ ಪರವಾಗಿ ಒಬ್ಬರೂ ಏಳಲಿಲ್ಲ. ಕೊರಳು ಬರಿದಾಗಿಯೇ ಪಕ್ಕದ ಬಾಗಿಲಿನಿಂದ ಹೊರಟುಹೋದರು.

ಆ ವಾರ ಹಂಪಮ್ಮ ತನ್ನ ಟ್ರಂಕು ಕಟ್ಟಿ ಕೂತಳು, ಕೋಣೆ ಖಾಲಿ ಮಾಡಿಸುತ್ತಾರೆಂದು. ಯಾರೂ ಬರಲಿಲ್ಲ. ಮೂರನೆಯ ದಿನ ಸೀರೆ ಬದಲಿಸಲು ಬೇಕಾಗಿ ತಾನೇ ಬಿಚ್ಚಿದಳು.

ಮೂರೂ ಊರಿನ ಹೆಂಗಸರು ಬಿಡಲಿಲ್ಲ. ವಿಚಾರಣೆಗೆ ನಮ್ಮ ಚರ್ಚಿನ ಯಾರೂ ಬೇಡ, ಹೊರಗಿನವರು ಬೇಕು ಎಂದರು. ಹುಬ್ಬಳ್ಳಿಯಿಂದ ಒಬ್ಬ ನಿವೃತ್ತ ಜಡ್ಜಮ್ಮ, ಒಬ್ಬ ಡಾಕ್ಟರಮ್ಮ ಬಂದರು. ಮೀನಾಕ್ಷಿ ಪೊಲೀಸ್ ಠಾಣೆಗೂ ದೂರು ಕೊಟ್ಟಳು. ಪಂಪಣ್ಣ ಅಂಗಡಿ ಮುಚ್ಚಿ ಜೊತೆಗೆ ಹೋದರು. ಜಡ್ಜಮ್ಮ ಎಲ್ಲರನ್ನೂ ಕೂರಿಸಿ ಕೇಳಿದರು, ಹಂಪಮ್ಮನನ್ನು ಎರಡು ತಾಸು. ಡಿಸೆಂಬರಿನ ಹೊತ್ತಿಗೆ ಅಯ್ಯನವರ ಪದವಿ ಹೋಯಿತು. ವರದಿಯ ಸಾರ ಎಂಟು ಪುಟ. ಅದನ್ನು ಕಾರ್ಯದರ್ಶಿಯವರೇ ಮೂರೂ ಚರ್ಚುಗಳಲ್ಲಿ, ನಿಂತು, ಪೂರ್ತಿ ಓದಬೇಕೆಂಬುದು ಜಡ್ಜಮ್ಮನವರ ಕೊನೆಯ ಶಿಫಾರಸು.

ಬಳ್ಳಾರಿಯಲ್ಲಿ ತಿಪ್ಪೇಸ್ವಾಮಿ ತಮ್ಮ ಹಳೆಯ ಆಫೀಸು ಧಾಟಿಯಲ್ಲಿ ಗೊಣಗಿ ಮುಗಿಸಿದರು. ಸಿರುಗುಪ್ಪದಲ್ಲಿ ಅದು ನಡೆಯಲಿಲ್ಲ. "ಜೋರಾಗಿ ಓದ್ರಿ, ಹಿಂದ ಕೇಳವಲ್ದು" ಎಂದು ಜಂಬಮ್ಮ ಮೊದಲ ಪುಟಕ್ಕೆ ಹಿಂದಿರುಗಿಸಿದಳು. ಕುರುಗೋಡಿಗೆ ಬರುವಷ್ಟರಲ್ಲಿ ಅವರ ಗಂಟಲು ಕಟ್ಟಿತ್ತು.

ಅಂದು ಹಂಪಮ್ಮ ಬೆಳಿಗ್ಗೆಯ ಬಸ್ಸಿಗೇ ಕುರುಗೋಡಿಗೆ ಬಂದಿದ್ದಳು. ಮಕ್ಕಳೆಲ್ಲ ಚಾಪೆಯ ಮೇಲೆ, ಅವರ ತಾಯಂದಿರು ಗೋಡೆಗೆ ಒರಗಿ, ಮೀನಾಕ್ಷಿ ಮಕ್ಕಳ ನಡುವೆ. ತಿಪ್ಪೇಸ್ವಾಮಿ ನೀರು ಕುಡಿಯುತ್ತ ಕೆಮ್ಮುತ್ತ ಏಳನೆಯ ಪುಟದ ಕೊನೆಗೆ ಬಂದು, "ಶ್ರೀಮತಿ" ಎಂದು ತಪ್ಪಿ, "ಕುಮಾರಿ ಮೀನಾಕ್ಷಿಯವರು ಪತ್ರದಲ್ಲಿ ತಿಳಿಸಿದ್ದೆಲ್ಲವೂ ಸತ್ಯವೆಂದು ಕಂಡುಬಂದಿದೆ. ಅವರಿಗೆ ಕಮಿಟಿಯಿಂದ ಅನ್ಯಾಯವಾಗಿದೆ" ಎಂದು ಬೇಗಬೇಗ ಓದಿ ಪುಟ ತಿರುಗಿಸಲು ಹೋದರು.

"ಸರ್" ಎಂದಳು ಹಿಂದಿನಿಂದ ಹಂಪಮ್ಮ, "ಆ ಸಾಲು ಇನ್ನೊಮ್ಮಿ ಓದ್ರಿ."

ತಿಪ್ಪೇಸ್ವಾಮಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಆಮೇಲೆ ಮೀನಾಕ್ಷಿಯನ್ನು ನೋಡಿದರು. ತಾಯಂದಿರೆಲ್ಲ ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದರು. ಕಾರ್ಯದರ್ಶಿಯವರು ಪುಟವನ್ನು ಹಿಂದಕ್ಕೆ ತಿರುಗಿಸಿ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಮತ್ತೆ ಓದಿದರು.