ಓಬಳೇಶಪ್ಪನ ಕಾರಿನ ಮಂಕು ದೀಪಗಳು

ನನ್ನ ಅಕ್ಕನ ಗಂಡ ಓಬಳೇಶಪ್ಪನಿಗೆ ಹಿಂದೂಪುರದಲ್ಲಿ ಹೆಸರು ಬಂದಿದ್ದು ಎರಡು ಕಾರಣಕ್ಕೆ. ಒಂದು ಸೀರೆ ಅಂಗಡಿ. ಅದನ್ನು ಕಟ್ಟಿದವನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಬೆನ್ನು ಬಗ್ಗಿಸಿದ ಅವನಪ್ಪ. ಇನ್ನೊಂದು ಇಂಗ್ಲೆಂಡಿನ ಕಪ್ಪು ಕಾರು. ಅದನ್ನು ಕಟ್ಟಿದವರು ಯಾರೋ ದೊರೆಗಳು. ಎರಡರಲ್ಲೂ ಅವನ ಕೈಕೆಲಸ ಏನೂ ಇರಲಿಲ್ಲ. ಎದೆ ಉಬ್ಬಿಸಿಕೊಂಡು ತಿರುಗಲು ಅದರಿಂದ ಅಡ್ಡಿಯೇನೂ ಆಗಲಿಲ್ಲ ಅನ್ನಿ.

ಕಾರು ಬಂದದ್ದು ಎಪ್ಪತ್ತನಾಲ್ಕರಲ್ಲಿ. ಮಾರಿದವನು ಬಳ್ಳಾರಿ ಕಡೆಯ ಒಬ್ಬ ರಿಟೈರಾದ ಎಂಜಿನಿಯರು. ಕೀಲಿಕೈ ಕೊಡುವಾಗ, "ಇದರಲ್ಲಿ ಒಂದು ವೈರೂ ಬದಲಾಗಿಲ್ಲ, ಎಲ್ಲಾ ಒರಿಜಿನಲ್" ಎಂದನಂತೆ. ಭಾವ ಅದನ್ನು ಗುರೂಪದೇಶದ ಹಾಗೆ ಕಿವಿಯಲ್ಲಿಟ್ಟುಕೊಂಡ. ಬಟ್ಟೆ ಸುತ್ತಿದ ಆ ಹಳೇ ವೈರುಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ಬಾನೆಟ್ ಎತ್ತಿ ಅವನ್ನು ತೋರಿಸುತ್ತಿದ್ದ. ನೋಡಿದವರು "ಓಹೋ" ಎನ್ನಬೇಕಿತ್ತು. ಅಂಗಡಿಯಲ್ಲಿ ಸಾಲ ಹೇಳುವವರಂತೂ ಎರಡು ಸಲ ಎನ್ನುತ್ತಿದ್ದರು.

ಆ ಕಾರಿನ ಮುಂದಿನ ದೀಪಗಳು ಹಗಲಲ್ಲಿ ದೊಡ್ಡ ತಂಬಿಗೆಗಳ ಹಾಗೆ ಥಳಥಳ ಎನ್ನುತ್ತಿದ್ದವು. ಕತ್ತಲಾದರೆ ಮಾತ್ರ ಎಣ್ಣೆ ತೀರಿದ ಹಣತೆ. ಲೇಪಾಕ್ಷಿ ರಸ್ತೆಯಲ್ಲಿ ಒಂದು ಸಂಜೆ ಎತ್ತಿನ ಗಾಡಿಯವನೊಬ್ಬ ಇವನ ಕಾರು ತೆವಳುವುದನ್ನು ಕಂಡು, "ಸಾಮೀ, ನಾನು ಮುಂದೆ ಹೋಯ್ತೀನಿ, ನನ್ನ ಲಾಂದ್ರ ನೋಡ್ಕಂಡು ಹಿಂದೆ ಬನ್ನಿ" ಎಂದ. ನಾನು ಕಾರಿನಲ್ಲೇ ಇದ್ದೆ. ನಗು ತಡೆಯಲು ಸೆರಗು ಕಚ್ಚಿಕೊಂಡೆ. ಭಾವ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಆ ವಾರ ಹಾಯಾಗಿತ್ತು.

ದೀಪ ಸರಿಮಾಡುವ ಕೆಲಸಕ್ಕೂ ಅವನು ಕೈ ಹಾಕದೆ ಇರಲಿಲ್ಲ. ಮೊದಲು ದೀಪದೊಳಗಿನ ಬೋಗುಣಿಯನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ದೇವರ ಪಾತ್ರೆಯ ಹಾಗೆ ತಿಕ್ಕಿದ. ಬೆಳಕನ್ನು ಮುಂದಕ್ಕೆ ಎಸೆಯುವ ಬೆಳ್ಳಿಯ ಲೇಪವೆಲ್ಲ ಎದ್ದುಹೋಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಮುತ್ಯಾಲಪ್ಪನನ್ನು ಕರೆಸಿದ. ಮುತ್ಯಾಲಪ್ಪ ಬಾಯಲ್ಲಿ ವಿಮಾನವನ್ನೂ ರಿಪೇರಿ ಮಾಡುವವನು. ಲಾರಿಯ ದೊಡ್ಡ ಬಲ್ಬು ಹಾಕಿಬಿಟ್ಟ. ಹಳೇ ವೈರು ಅಷ್ಟು ಭಾರ ಹೊರುವುದುಂಟೇ? ಲೈಟು ಹಾಕಿದರೆ ಹಾರ್ನು ಮೂಕಾಯಿತು, ಸ್ವಿಚ್ಚು ಕಾದು ಕಮಟು ವಾಸನೆ ಹೊಡೆಯಿತು, ಬೆಳಕು ಮಾತ್ರ ಇದ್ದಷ್ಟೇ.

"ವೈರೇ ಬದಲಾಯಿಸ್ಬೇಕು ಸೇಟೂ, ಪಾತದಿ ಅಯಿಪೋಯಿಂದಿ, ಹಳೇದಾಗೋಗದೆ" ಎಂದ ಮುತ್ಯಾಲಪ್ಪ.

"ಏನಂದೆ? ಇಂಗ್ಲೆಂಡಿನೋರು ಎಳೆದಿರೋ ವೈರು ಕಿತ್ತು ನಿನ್ನ ಸಂತೆ ವೈರು ಹಾಕ್ತೀಯೇನ್ಲಾ?" ಎಂದು ಭಾವ ಅವನನ್ನು ಓಡಿಸಿದ.

ಅಕ್ಕ ಬನಶಂಕರಮ್ಮನಿಗೆ ಈ ಕಾರಿನ ಪುರಾಣ ಬೇಕಿರಲಿಲ್ಲ. ಅವಳದು ಕೆಚ್ಚುವ ಕೈ. ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ ತುದಿಗೆ ಹೊಸ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವ ಕೆಲಸ ಅದು. ಅವಳು ಕೂಡಿಸಿದ ಎಳೆ ಬಿಚ್ಚಿತೆಂದು ನಮ್ಮ ಬೀದಿಯಲ್ಲಿ ಯಾರೂ ಹೇಳಿದ್ದಿಲ್ಲ. ಅಂಗಡಿ ಬೆಳೆದು ಮನೆಯಲ್ಲಿ ಆಳುಕಾಳು ಬಂದಮೇಲೂ ಅಕ್ಕಪಕ್ಕದ ಮಗ್ಗದವರು ಅವಳನ್ನೇ ಕರೆಯುತ್ತಿದ್ದರು. ಹೋಗಿ ಕೂತು ಮಾಡಿಕೊಟ್ಟು ಬರುತ್ತಿದ್ದಳು.

ಎಂಬತ್ತೈದರಲ್ಲಿ ಮಗ ಸೀತಾರಾಮಪ್ಪನಿಗೆ ಕಲ್ಯಾಣದುರ್ಗದಲ್ಲಿ ಹೆಣ್ಣು ಗೊತ್ತಾಯಿತು. ಒಪ್ಪಂದದ ಶಾಸ್ತ್ರಕ್ಕೆ ಮಗ ಮತ್ತು ಹಿರಿಯರೆಲ್ಲ ಬಸ್ಸಿನಲ್ಲಿ ಹೊರಟರು. ಭಾವ ಕಾರು ತೆಗೆದ. ಮುಂದೆ ಅಕ್ಕ, ಹಿಂದೆ ಹಣ್ಣಿನ ತಟ್ಟೆಗಳ ಜೊತೆ ನಾನು. ಊಟ ಮುಗಿದಮೇಲೆ "ಹೊತ್ತಿರೋವಾಗ್ಲೇ ಹೊಂಟ್ಬುಡಾನ" ಎಂದು ಅಕ್ಕ ಮತ್ತೆ ಮತ್ತೆ ಹೇಳಿದಳು. ಭಾವ ಬೀಗರ ಮನೆಯ ಮುಂದೆ ಬಾನೆಟ್ ಎತ್ತಿಕೊಂಡು ನಿಂತಿದ್ದ. ಕುಂದುರ್ಪಿ ಕಡೆ ತಿರುಗುವ ರಸ್ತೆ ದಾಟುವಷ್ಟರಲ್ಲಿ ಹೊತ್ತು ಮುಳುಗಿತು.

ಅದು ಕಡಲೆಕಾಯಿ ಕೀಳುವ ಕಾಲ. ರಸ್ತೆಯ ಅರ್ಧಕ್ಕೆ ಬಳ್ಳಿಯ ಮೆದೆ ಹಾಕಿ, ಯಾರೂ ಹತ್ತಿಸದಿರಲೆಂದು ಸುತ್ತ ಗುಂಡುಕಲ್ಲು ಇಟ್ಟಿದ್ದರು. ಬೇರೆ ಯಾವ ಗಾಡಿಗಾದರೂ ಅದು ದೂರದಿಂದಲೇ ಕಾಣುತ್ತಿತ್ತು. ನಮ್ಮ ಕಾರು ಕಲ್ಲಿಗೆ ಬಡಿದು, ಮೆದೆಗೆ ನುಗ್ಗಿ, ಅಡ್ಡಲಾಗಿ ನಿಂತಿತು. ಅಕ್ಕ ಬಲಗೈ ಊರಿ ಮುಗ್ಗರಿಸಿದ್ದಳು. ಮುಂಗೈ ಮುರಿದು ಸೊಟ್ಟಗೆ ನೇತಾಡುತ್ತಿತ್ತು.

ಭಾವ ಬಾಗಿಲು ತೆಗೆದು ಇಳಿದ. ನೇರ ಕಾರಿನ ಮುಂಭಾಗಕ್ಕೆ ಹೋಗಿ ಮಂಡಿಯೂರಿ, ದೀಪದ ಗಾಜಿನ ಮೇಲೆ ಅಂಗೈ ಸವರಿ, "ಸದ್ಯ, ಗಾಜು ಒಡೆದಿಲ್ಲ" ಎಂದ.

ಮೆದೆಯ ಒಡತಿ ಕರಿಬಸಮ್ಮ ಕೈಯಲ್ಲಿ ಕವೆಗೋಲು ಹಿಡಿದು ಬೈಯಲೆಂದೇ ಓಡಿಬಂದಿದ್ದಳು. ಅಕ್ಕನ ಕೈ ನೋಡಿ ಕೋಲು ಬಿಸಾಕಿದಳು. "ಏಮಯ್ಯಾ, ಹೆಂಡ್ತಿ ಕೈ ಮುರ್ಕಂಡು ಕುಂತವ್ಳೆ, ನೀನು ಗಾಜು ಸವರ್ತಾ ಇದ್ದೀಯಲ್ಲಾ! ಕಳ್ಳು ಉನ್ನಾಯಾ ಲೇವಾ, ಕಣ್ಣವೆಯೋ ಇಲ್ವೋ?" ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಂದು ದಬ್ಬೆ ಇಟ್ಟು ಅಕ್ಕನ ಕೈ ಬಿಗಿದಳು. ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿಗೆ ಅಡ್ಡ ನಿಂತು ನಮ್ಮಿಬ್ಬರನ್ನು ಹತ್ತಿಸಿದಳು. ಭಾವ ಕಾರು ಕಾಯುತ್ತ ಅಲ್ಲೇ ಉಳಿದ.

ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ಹಿಡಿತ ಹೋಯಿತು. ಮಗ್ಗದವರು ಕರೆಯಲು ಬಂದರೆ ಅಕ್ಕ "ಬೇರೆಯೋರ್ನ ನೋಡ್ಕಳ್ರಮ್ಮ" ಎಂದು ಒಳಗೆ ಹೋಗುತ್ತಿದ್ದಳು. ಗಂಡನಿಗೆ ಒಂದು ಮಾತೂ ಬೈಯಲಿಲ್ಲ. ಕಾರಿಗೆ ಹತ್ತುವುದನ್ನು ಬಿಟ್ಟಳು, ಅಷ್ಟೇ.

ಮದುವೆಗೂ ಅವಳು ಬಸ್ಸಿನಲ್ಲೇ ಬಂದಳು. ಭಾವ ಬಂಪರಿಗೆ ಚೆಂಡುಹೂವಿನ ಹಾರ ಹಾಕಿ ಒಬ್ಬನೇ ಕಾರಿನಲ್ಲಿ ಬಂದಿಳಿದ. ಹೆಣ್ಣಿನ ತಾಯಿ ರಂಗಲಕ್ಷ್ಮಮ್ಮ ಚಪ್ಪರದ ಬಾಗಿಲಲ್ಲಿ, ನೂರು ಜನ ಕೇಳುವ ಹಾಗೆ, "ಏನ್ ಬೀಗ್ರೇ, ಹೆಂಡ್ತೀನ ಬಸ್ಸಿಗೆ ಅಟ್ಟಿ ಕಾರಿಗೆ ಹಾರ ಹಾಕ್ಕಂಡು ಬಂದಿದ್ದೀರಾ! ತಾಳಿ ಕಟ್ಟಿದ್ದು ಯಾರಿಗೆ?" ಎಂದಳು. ಚಪ್ಪರವೆಲ್ಲ ನಕ್ಕಿತು. ವಾದ್ಯದವರೂ ಊದುವುದು ಬಿಟ್ಟು ನಕ್ಕರು. ಭಾವನ ಮುಖ ನೋಡಬೇಕಿತ್ತು. ನಾನು ತೃಪ್ತಿಯಾಗುವಷ್ಟು ನೋಡಿದೆ.

ಅವನ ದಪ್ಪ ಚರ್ಮದೊಳಕ್ಕೆ ಇಳಿದದ್ದು ಆ ನಗು. ಅಕ್ಕನ ಮುರಿದ ಕೈಯಿಂದ ಆಗದ್ದು ಅದರಿಂದ ಆಯಿತು. ಊರಿಗೆ ಬಂದವನೇ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕಾರಿನ ಕೊಟ್ಟಿಗೆ ಸೇರಿದ. ಮುತ್ಯಾಲಪ್ಪನನ್ನು ಮತ್ತೆ ಕರೆಯಲು ಮಾನ ಬಿಡಬೇಕಲ್ಲ, ಅದಕ್ಕೆ ಒಂದು ಮೀಟರು ತಂದು ತಾನೇ ಅಳೆದ. ಬ್ಯಾಟರಿಯ ಹತ್ತಿರ ಹನ್ನೆರಡು ವೋಲ್ಟು, ದೀಪದ ಹತ್ತಿರ ಒಂಬತ್ತೂ ಇಲ್ಲ. ಉಳಿದದ್ದು ಹಳೇ ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಗಂಟುಗಳಲ್ಲಿ ದಾರಿ ಮಧ್ಯೆಯೇ ಸೋರಿಹೋಗುತ್ತಿತ್ತು. ಕಾರಿನ ಮೈಗೆ ತಗುಲಿಸಿದ ಅರ್ತಿಂಗ್ ವೈರುಗಳ ಬುಡವನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದ. ಬ್ಯಾಟರಿಯಿಂದ ದೀಪಕ್ಕೆ ನೇರ ದಪ್ಪ ವೈರು ಎಳೆದು ನಡುವೆ ರಿಲೇ ಕೂರಿಸಿದ. ಹಳೇ ಸ್ವಿಚ್ಚಿಗೆ ಇನ್ನು ರಿಲೇಯನ್ನು ಎಬ್ಬಿಸುವುದಷ್ಟೇ ಕೆಲಸ, ಭಾರ ಹೊರುವುದು ಹೊಸ ವೈರು. ಲಾರಿ ಬಲ್ಬು ಕಿತ್ತು ಕಾರಿನ ಅಳತೆಯ ಬಲ್ಬು ಕೂರಿಸಿದ. ಬೋಗುಣಿಗಳನ್ನು ಬೆಂಗಳೂರಿಗೆ ಕಳಿಸಿ ಮತ್ತೆ ಬೆಳ್ಳಿ ಹಾಕಿಸಿದ. ಹಲವು ಸಲ ಫ್ಯೂಸು ಸುಟ್ಟಿತು, ಕೈಯೂ ಸುಟ್ಟಿತು. ಅಷ್ಟೆಲ್ಲ ಆದಮೇಲೂ ಬಟ್ಟೆ ಸುತ್ತಿದ ಆ ಸತ್ತ ವೈರುಗಳನ್ನು ಮಾತ್ರ ಕೀಳಲಿಲ್ಲ. ನೋಡುವವರಿಗೆ ಕಾಣಲೆಂದು ಮೇಲೆ ಹಾಗೇ ಬಿಟ್ಟು, ಹೊಸದನ್ನು ಕೆಳಗೆ ಕಳ್ಳಮಾಲಿನಂತೆ ಬಚ್ಚಿಟ್ಟ.

ದೀಪ ಹತ್ತಿದ ದಿನ ಬೀದಿಯ ಕೊನೆಯ ಗೋಡೆಯವರೆಗೆ ಬೆಳಕು ಬಿತ್ತು. ನೆರೆದವರಿಗೆ "ಇಂಗ್ಲೆಂಡಿನ ಲೈಟು ಅಂದ್ರೆ ಹಿಂಗೆ ಕಣ್ರಪ್ಪಾ, ನಿಮ್ಗೇ ಗೊತ್ತಿರ್ಲಿಲ್ಲ" ಎಂದ. ನಾಚಿಕೆ ಅನ್ನುವ ಎಳೆಯೇ ಆ ಮನುಷ್ಯನ ಹಾಸಿನಲ್ಲಿರಲಿಲ್ಲ. ಅಕ್ಕ ಕಿಟಕಿಯಿಂದ ನೋಡಿ ಒಲೆಯ ಹತ್ತಿರ ಹೋದಳು.

ಮರುವರ್ಷ ಸೊಸೆಗೆ ಕಲ್ಯಾಣದುರ್ಗದ ತವರಿನಲ್ಲಿ ಹೆರಿಗೆ ನೋವು ಶುರುವಾಯಿತೆಂದು ಸಂಜೆ ಫೋನು ಬಂತು. ಆ ಹೊತ್ತಿನಲ್ಲಿ ಹೊರಡುವ ಬಸ್ಸಿರಲಿಲ್ಲ. ಅಕ್ಕ ಸೀರೆ ಸರಿಮಾಡಿಕೊಂಡು, ಯಾರೂ ಹೇಳದೆ, ಕಾರಿನ ಹಿಂದಿನ ಬಾಗಿಲು ತೆಗೆದು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಭಾವ ಗಾಡಿ ತೆಗೆದ.

ಪಾವಗಡ ದಾಟಿದಮೇಲೆ ರಸ್ತೆ, ಗಡಿಕಲ್ಲು, ಬೇಲಿಯ ಕಳ್ಳಿ ಎಲ್ಲ ಹಗಲಿನಂತೆ ಕಾಣುತ್ತಿತ್ತು. ಮುರಿದ ಕೈಯ ಬಗ್ಗೆ ಅವನು ಅವತ್ತೂ ಏನೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ತಿರುವು ಬಂದಾಗಲೆಲ್ಲ ಹಿಂದಕ್ಕೆ ಕತ್ತು ಹೊರಳಿಸಿ, "ಕಾಣ್ತೈತೇನೇ? ಚೆನ್ನಾಗಿ ಕಾಣ್ತೈತಾ?" ಎಂದು ಕೇಳುತ್ತಿದ್ದ.

ಕೊನೆಗೆ ಅಕ್ಕ, "ನಂಗೆ ಕಾಣ್ತೈತೆ. ನೀವು ಮುಂದೆ ನೋಡ್ಕಂಡು ಓಡ್ಸಿ" ಎಂದಳು.