ಓ ಎಂಬ ಇನಿಶಿಯಲ್

ನಿನ್ನೆ ಕಾಫಿ ಮೇಕರ್ ತೊಳೆಯಲೆಂದು ವಿನಿಗರ್ ಬಾಟಲಿಯ ಮುಚ್ಚಳ ತೆಗೆದೆ. ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ಲಾಸ್ ಏಂಜಲೀಸ್‌ನ ಲೈಬ್ರರಿಯೊಂದರ ಮೈಕ್ರೋಫಿಲ್ಮ್ ಕೋಣೆ ಕಣ್ಮುಂದೆ ಬಂತು. ಅಲ್ಲಿನ ಹಳೆಯ ಫಿಲ್ಮ್ ಸುರುಳಿಗಳಿಗೂ ಇದೇ ವಾಸನೆ... ಮೂಗಿಗೆ ಕರ್ಚೀಫು ಹಿಡಿದು ಯಂತ್ರದ ಮುಂದೆ ಕೂರುತ್ತಿದ್ದ ಆಂಟಿ ನೆನಪಾದರು.

ಅದು ತೊಂಬತ್ತರ ದಶಕ. ನಾನು ಲಾಸ್ ಏಂಜಲೀಸ್‌ನಿಂದ ಎರಡು ಗಂಟೆ ದಾರಿಯ ಲಾ ಹೋಯಾದಲ್ಲಿ ಓದುತ್ತಿದ್ದ ಬೆಂಗಳೂರಿನವನು. ಆಂಟಿ ಉಡುಪಿ ಕಡೆಯವರು, ಅಲ್ಲೇ ಹತ್ತಿರದ ಪೊವೇಯಲ್ಲಿದ್ದರು. ಅವರ ನೀರುದೋಸೆಗೆ ನಾನು ಕಾಯಂ ಗಿರಾಕಿ. ಐರಿಷ್ ಮೂಲದವರನ್ನು ಮದುವೆಯಾದರೆಂದು ತವರಿನವರು ಅವರೊಂದಿಗೆ ಮಾತು ಬಿಟ್ಟಿದ್ದರು. ಗಂಡನ ಮನೆತನದ ಹೆಸರು ಓ'ಟೂಲ್. ಆ ಅಂಕಲ್ ಸಾಯುವ ಮುನ್ನ ಕೇಳಿಕೊಂಡದ್ದು ಒಂದೇ: ತನ್ನ ಬೂದಿಯನ್ನು ಮುತ್ತಜ್ಜನ ಊರಿನ ಹೊಳೆಗೆ ಬಿಡಬೇಕು. ಮುತ್ತಜ್ಜನ ಹೆಸರು ಡೆನಿಸ್, ಐರ್ಲೆಂಡಿನ ವಿಕ್ಲೋ ಜಿಲ್ಲೆಯವನು. ಊರು ಯಾವುದೆಂದು ಅಂಕಲ್‌ಗೇ ಗೊತ್ತಿರಲಿಲ್ಲ!

“ಅಸ್ಥಿ ಮನೆಯೊಳಗೆ ಇಟ್ಕೊಂಡು ನಂಗೆ ಅನ್ನ ಇಳಿಯುದಿಲ್ಲ ಮಾರಾಯ,” ಎನ್ನುತ್ತಿದ್ದರು ಆಂಟಿ. ಪುಟ್ಟ ಮಗಳಿಗೂ ನನಗೂ ಬಡಿಸಿ, ತಾವು ಬರೀ ಮಜ್ಜಿಗೆ ಕುಡಿದು ಏಳುತ್ತಿದ್ದರು.

ಫ್ರೀವೇ ಎಂದರೆ ಅವರಿಗೆ ಜೀವಭಯ, ಹಾಗಾಗಿ ಶನಿವಾರ ಬಂದರೆ ಐರ್ಲೆಂಡಿನ ಹಳೆಯ ದಾಖಲೆಗಳಿದ್ದ ಆ ಲೈಬ್ರರಿಗೆ ನಾನೇ ಡ್ರೈವರ್. ಊರು ಸಿಗದೇ ಹೋದರೆ ಏನು ಗತಿ ಎಂದು ದಾರಿಯುದ್ದಕ್ಕೂ ಒಂದೇ ಹಲುಬು. ಅವರ ಆತಂಕ ನನಗೂ ಅಂಟಿಕೊಂಡು ಎಷ್ಟೋ ಸಲ ಎಕ್ಸಿಟ್ ತಪ್ಪಿಸಿದ್ದೇನೆ.

ಮುತ್ತಜ್ಜನ ಕಾಲದ ಜನಗಣತಿ ಬಹುಪಾಲು ಉಳಿದಿರಲಿಲ್ಲ. ಮನೆ, ಜಮೀನಿನ ತೆರಿಗೆ ಪಟ್ಟಿಗಳೇ ಗತಿ. ಅದರಲ್ಲಿ ನಾವಿಬ್ಬರೂ ಏನು ಹುಡುಕಿದೆವು ಗೊತ್ತೇ? ಓ ಅಕ್ಷರದಿಂದ ಶುರುವಾಗುವ ಊರುಗಳನ್ನು! ಹೆಸರಿನ ಜೊತೆ ಒಂಟಿ ಅಕ್ಷರವಿದ್ದರೆ ಅದು ಊರಿನದೋ ಅಪ್ಪನದೋ ಇನಿಶಿಯಲ್ ಎಂದು ನಂಬಿ ಬೆಳೆದವರು ನಾವು. ಓ ಎಂದರೆ ಯಾವ ಊರು ಎಂದು ಆಂಟಿ ಹಿಂದೊಮ್ಮೆ ಗಂಡನನ್ನೇ ಕೇಳಿದ್ದರಂತೆ. ಅವರು ನಕ್ಕುಬಿಟ್ಟಿದ್ದರಂತೆ...

ವಾರಗಳು ಹೀಗೇ ಹೋದವು. ಕೊನೆಗೆ ಪಕ್ಕದ ಯಂತ್ರದಲ್ಲಿದ್ದ ಮುದುಕಿಯೊಬ್ಬರು ಬಿಡಿಸಿ ಹೇಳಿದರು: ಓ ಎಂದರೆ ಮೊಮ್ಮಗ, ವಂಶದವನು. ಪಟ್ಟಿ ಬರೆದವರು ಅದನ್ನು ಎಷ್ಟೋ ಕಡೆ ಕೈಬಿಟ್ಟಿದ್ದಾರೆ.

“ಅಯ್ಯೋ ದೇವರೇ, ಹಾಗಾದ್ರೆ ಇದು ಇನಿಶಿಯಲ್ಲೇ ಅಲ್ವಾ!” ಆಂಟಿ ಹಣೆ ಚಚ್ಚಿಕೊಂಡರು.

ಬರೀ ಟೂಲ್ ಎಂದು ಹುಡುಕಿದಾಗ ಡೆನಿಸ್ ಸಿಕ್ಕಿದ, ಅವನ ಊರೂ ಸಿಕ್ಕಿತು. ನಾಶವಾಗದೆ ಉಳಿದಿದ್ದ ನಂತರದ ಕಾಲದ ಒಂದು ಜನಗಣತಿಯಲ್ಲೂ ಆ ಮನೆಯವರು ಅದೇ ಊರಿನಲ್ಲಿದ್ದರು. ಆಂಟಿ ಯಂತ್ರದ ಪರದೆಗೆ ಅಂಗೈ ಒತ್ತಿ ಅತ್ತುಬಿಟ್ಟರು. ಆ ಬೇಸಿಗೆಯಲ್ಲೇ ಮಗಳೊಂದಿಗೆ ಹೋಗಿ ಬೂದಿ ಬಿಟ್ಟು ಬಂದರು.

“ಹೊಳೆ ಸಣ್ಣದು, ಆದ್ರೆ ಚಂದ ಉಂಟು,” ಎಂದರು. ಅಂದು ನನ್ನ ಜೊತೆಗೇ ಕೂತು ಹೊಟ್ಟೆತುಂಬ ಉಂಡರು.

ಹೋದ ತಿಂಗಳು ಆಂಟಿ ತೀರಿಕೊಂಡರು. ಮೊನ್ನೆ ಅವರ ಮಗಳ ಫೋನ್ ಬಂತು. ಅಮ್ಮನ ಬೂದಿಯನ್ನು ಅಮ್ಮನ ಊರಿನ ಹೊಳೆಗೇ ಬಿಡಬೇಕಂತೆ. ಮದುವೆಗೆ ಮುಂಚಿನ ಸರ್ಟಿಫಿಕೇಟುಗಳಲ್ಲಿ ಹೆಸರಿನ ಜೊತೆ ಇರುವುದು ಬರೀ ಒಂದಕ್ಷರ.

“ವಾಟ್ ಈಸ್ ದಿ ಕೆ, ಅಂಕಲ್?”

ಕಾಪುವೋ, ಕಟಪಾಡಿಯೋ, ಕಾರ್ಕಳವೋ, ಕೋಟವೋ... ಯಾರು ಕೇಳಿದರೂ ಅವರು ಹೇಳುತ್ತಿದ್ದದ್ದು ಉಡುಪಿ ಅಂತಲೇ. ಅಥವಾ ಅದು ಊರೇ ಅಲ್ಲವೇನೋ, ಅಪ್ಪನ ಹೆಸರೇನೋ. ವಿಕ್ಲೋದ ಊರಿಗಾಗಿ ಅಷ್ಟು ಶನಿವಾರ ಕಾರು ಓಡಿಸಿದವನು ಆಂಟಿಯ ಊರನ್ನು ಒಮ್ಮೆಯೂ ಕೇಳಿರಲಿಲ್ಲ.

ಅಸ್ಥಿ ಪೊವೇಯ ಮನೆಯೊಳಗೇ ಇದೆ. ನನಗೆ ಅನ್ನ ಇಳಿಯುತ್ತಿಲ್ಲ.